ಜಿಗಣೆಯ ಋಣ

ಪ್ರಾಚೀನ ವೈದ್ಯದಲ್ಲಿ ಪ್ರಾಣಿಗಳ ಉಪಯೋಗವೆಂದೊಡನೆ ಮಾಂಸ, ಕೊಂಬು, ಪಿತ್ತಗಳೇ ನೆನಪಿಗೆ ಬರುವುವು. ಪ್ರಾಣಿಯನ್ನು ಕೊಲ್ಲದೆಯೇ ಚಿಕಿತ್ಸೆ ಪಡೆದ ವಿಧಾನವೂ ಒಂದುಂಟು; ಅದು ಜಿಗಣೆಯಿಂದ ರಕ್ತ ತೆಗೆಯಿಸುವುದು.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ೧೩ನೆಯ ಅಧ್ಯಾಯವು ಈ ವಿಷಯಕ್ಕೇ ಮೀಸಲು. ಅದರಂತೆ ಜಿಗಣೆಗಳು ೧೨ ಬಗೆ: ವಿಷವುಳ್ಳವು ೬, ವಿಷವಿಲ್ಲದವು ೬. ನಿರ್ವಿಷ ಜಿಗಣೆಗಳ ನೆಲೆಗಳಲ್ಲಿ ಸಹ್ಯವನ್ನೂ ಹೆಸರಿಸಿರುವುದು ಕನ್ನಡಿಗರು ಗಮನಿಸತಕ್ಕ ಸಂಗತಿ. ಮಕ್ಕಳು, ವೃದ್ಧರು, ದುರ್ಬಲರು ಮೊದಲಾದ ಸುಕುಮಾರರಿಗೆ ಈ ಚಿಕಿತ್ಸೆ ವಿಹಿತವಾಗಿದೆ. ರೋಗಿಯ ವಿಷಯದಲ್ಲಿರುವ ಎಚ್ಚರವೇ ಜಿಗಣೆಯ ವಿಷಯದಲ್ಲಿಯೂ ಇದೆ. ೩ ದಿನಕ್ಕೊಮ್ಮೆ ಅದರ ನೀರನ್ನೂ ಆಹಾರವನ್ನೂ, ೭ ದಿನಕ್ಕೊಮ್ಮೆ ಮಡಕೆಯನ್ನೂ ಬದಲಿಸಬೇಕು. ಕುಡಿದ ರಕ್ತವನ್ನು ಸರಿಯಾಗಿ ಕಕ್ಕಿಸದಿದ್ದರೆ ಅದಕ್ಕೆ ‘ಇಂದ್ರಮದ’ವೆಂಬ ಅಸಾಧ್ಯರೋಗ ತಗಲುವುದು. ಒಮ್ಮೆ ಬಳಸಿದ ಜಿಗಣೆಯನ್ನು ೭ ದಿನ ಮತ್ತೆ ಬಳಸಕೂಡದೆಂಬುದು ವಾಗ್ಭಟನ ವಿಧಿ.

ಯೂರೋಪಿನ ವೈದ್ಯರೂ ಜಿಗಣೆಯನ್ನು ಬಲ್ಲವರೇ. ಆದರೆ ೧೯ನೆಯ ಶತಮಾನದಲ್ಲಿ ಅಲ್ಲಿ ಮಿತಿ ತಪ್ಪಿತು. ಬ್ರೂಸೆ ಎಂಬ ವೈದ್ಯನ ಬೋಧೆ ಹಬ್ಬಿದ್ದ ಫ್ರಾನ್ಸು ೧೮೩೩ರಲ್ಲಿ ೪ ಕೋಟಿಗೂ ಮಿಕ್ಕ ಜಿಗಣೆಗಳನ್ನು ಹೊರನಾಡುಗಳಿಂದ ತರಿಸಿತು. ಖಂಡದ ಅನೇಕ ಕಡೆಗಳಲ್ಲಿ ಅವು ಅಪರೂಪವಾದುವು. ೧೮೮೪ರಲ್ಲಿ ಹೇಕ್ರಾಫ್ಟನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯವನ್ನು ಜಿಗಣೆಯಲ್ಲಿ ಕಂಡನು. ೨೦೦೪ರಲ್ಲಿ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ಶಸ್ತ್ರಚಿಕಿತ್ಸೆಯ ನೆರವಿಗೆ ಅದನ್ನು ಅಂಗೀಕರಿಸಿತು.

ಇಂದು ಒಮ್ಮೆ ಬಳಸಿದ ಜಿಗಣೆಯನ್ನು ಸೋಂಕಿನ ಭಯದಿಂದ ಕೊಲ್ಲುವರು. ಆ ಭಯ ನಿರಾಧಾರವಲ್ಲ. ಆದರೂ ಉಪಕರಣವೂ ಒಂದು ಜೀವವೆಂದೆಣಿಸಿ ಅದರ ರೋಗವನ್ನೂ ಹೆಸರಿಟ್ಟು ಗುರುತಿಸಿದ ವೈದ್ಯಪರಂಪರೆಯೊಂದು ಈ ದೇಶದಲ್ಲಿತ್ತೆಂಬುದು ಮರೆಯತಕ್ಕುದಲ್ಲ.