ಮ್ಯಾಜಿಕಾರ್ಪ್‌ನ ದೌರ್ಬಲ್ಯ ಮತ್ತು ‘ಹನೆರು’ ಎಂಬ ಪದ: ಒಂದು ಟಿಪ್ಪಣಿ

1. ವ್ಯಾಪ್ತಿ

ಪೋಕೆಮಾನ್ ಆಟಮಾಲಿಕೆಯ 129ನೆಯ ಜೀವಿ ಮ್ಯಾಜಿಕಾರ್ಪ್. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದ ‘ರೆಡ್’ ಮತ್ತು ‘ಗ್ರೀನ್’ ಆಟಗಳಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಜಪಾನಿ ಹೆಸರು ಕೋಯಿಕಿಂಗ್. ‘ಕೋಯಿ’ ಎಂದರೆ ಕಾರ್ಪ್ ಮೀನು. ಈ ಜೀವಿಗೆ ಅಂಟಿಕೊಂಡಿರುವ ಎರಡು ಮಾತುಗಳನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ: ಅದು ಎಲ್ಲಕ್ಕಿಂತ ದುರ್ಬಲ ಎಂಬುದು ಒಂದು, ಅದರ ಮೊದಲ ಮೂವ್ (ಕಾಳಗದ ಪಟ್ಟು) ನೀರೆರಚುವ ಕ್ರಿಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಷರತ್ತು ಹಾಕಬೇಕಾಗುತ್ತದೆ. ಎರಡನೆಯದು ಬಹುಮಟ್ಟಿಗೆ ನಿಲ್ಲುವುದಿಲ್ಲ.

2. ಅಂಕಗಳ ಲೆಕ್ಕ

ಆಟಗಾರರು ಬೇಸ್ ಸ್ಟ್ಯಾಟ್ ಎನ್ನುವ ಮೂಲಾಂಕಗಳು ಮೊದಲ ಆಟಗಳಲ್ಲಿ ಹೀಗಿದ್ದವು: ಎಚ್‌ಪಿ 20, ದಾಳಿ 10, ರಕ್ಷಣೆ 55, ವೇಗ 80, ಸ್ಪೆಷಲ್ 20. ಒಟ್ಟು 185. ಅದೇ ಆಟಗಳಲ್ಲಿ ಕ್ಯಾಟರ್ಪಿ ಮತ್ತು ವೀಡಲ್ ತಲಾ 175, ಮೆಟಾಪಾಡ್ ಮತ್ತು ಕಕೂನಾ ತಲಾ 180. ಅಂದರೆ ಹುಟ್ಟಿದ ದಿನದಿಂದಲೇ ಕನಿಷ್ಠ ನಾಲ್ಕು ಜೀವಿಗಳು ಮೊತ್ತದಲ್ಲಿ ಅದಕ್ಕಿಂತ ಕೆಳಗಿವೆ. ಸ್ಪೆಷಲ್ ಅಂಕ 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ನಲ್ಲಿ ಎರಡಾಗಿ ಒಡೆದ ಮೇಲೆ ಮೊತ್ತ 200 ಆಯಿತು, ಅಲ್ಲಿಯೂ ಸನ್‌ಕರ್ನ್ 180ರಲ್ಲೇ ಇದೆ.

ದಾಳಿಯ 10 ಕೂಡ ಕನಿಷ್ಠವಲ್ಲ, ಚಾನ್ಸಿಯದು 5. ವೇಗದ 80 ಅಂತೂ ಬ್ಲಾಸ್ಟಾಯ್ಸ್‌ನ 78ನ್ನು ಮೀರುತ್ತದೆ. ಆದ್ದರಿಂದ ದೌರ್ಬಲ್ಯದ ಮೂಲವನ್ನು ಅಂಕಗಳಿಗಿಂತ ಹೆಚ್ಚಾಗಿ ಮೂವ್‌ಗಳ ಪಟ್ಟಿಯಲ್ಲಿ ಹುಡುಕುವುದು ಸೂಕ್ತವೆನಿಸುತ್ತದೆ. ಲೆವೆಲ್ 15ರಲ್ಲಿ ಟ್ಯಾಕಲ್ ದಕ್ಕುವವರೆಗೆ ಅದರ ಕೈಯಲ್ಲಿರುವುದು ಯಾವ ಪರಿಣಾಮವೂ ಇಲ್ಲದ ಒಂದೇ ಮೂವ್. ಆ ಮೂವ್‌ನ 40 ಸರದಿ ಮುಗಿದ ಬಳಿಕ ಬರುವ ‘ಸ್ಟ್ರಗಲ್’ನಿಂದ ಎದುರಾಳಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ನಿಖರತೆಗಾಗಿ ಸೇರಿಸಬೇಕು. ಲೆವೆಲ್ 20ರಲ್ಲಿ ಅದು 540 ಮೊತ್ತದ ಗ್ಯಾರಡೋಸ್ ಆಗುತ್ತದೆ.

ಒಂದು ಪಾರ್ಶ್ವ ಸಂಗತಿ: 2002ರ ‘ರೂಬಿ’ ಮತ್ತು ‘ಸಫೈರ್’ನಲ್ಲಿ ಬಂದ ಫೀಬಾಸ್ ಎಂಬ ಮೀನಿನ ಮೊತ್ತವೂ 200, ಅದರ ರೂಪಾಂತರವಾದ ಮಿಲೋಟಿಕ್‌ನದೂ 540. ಎಚ್‌ಪಿ ಮತ್ತು ವೇಗ ಎರಡೂ ಜೋಡಿಗಳಲ್ಲಿ ಒಂದೇ. ಮ್ಯಾಜಿಕಾರ್ಪ್‌ಗೆ ರಕ್ಷಣೆಯಲ್ಲಿರುವ 55, ಫೀಬಾಸ್‌ಗೆ ಸ್ಪೆಷಲ್ ರಕ್ಷಣೆಯಲ್ಲಿದೆ. ಇದನ್ನು ಆಕಸ್ಮಿಕವೆಂದು ಒಪ್ಪುವುದು ಕಷ್ಟ.

3. ‘ಹನೆರು’

ಆ ಪರಿಣಾಮಶೂನ್ಯ ಮೂವ್‌ನ ಇಂಗ್ಲಿಷ್ ಹೆಸರು ‘ಸ್ಪ್ಲ್ಯಾಶ್’. ಜಪಾನಿ ಮೂಲ ‘ಹನೆರು’. ಈ ಕ್ರಿಯಾಪದದ ಮುಖ್ಯಾರ್ಥ ನೆಗೆಯುವುದು, ಪುಟಿಯುವುದು. ಕೆಸರು, ಎಣ್ಣೆ ಮುಂತಾದ ದ್ರವ ಸಿಡಿಯುವುದಕ್ಕೂ ಅದೇ ಪದ ಬಳಕೆಯಲ್ಲಿದೆ. ಆದ್ದರಿಂದ ಇಂಗ್ಲಿಷ್ ಅನುವಾದವನ್ನು ತಪ್ಪು ಎನ್ನಲಾಗದು. ಎರಡು ಅರ್ಥಗಳಲ್ಲಿ ಗೌಣವಾದುದು ಅಲ್ಲಿ ಆಯ್ಕೆಯಾಗಿದೆ ಎನ್ನಬಹುದು. ಇಂಗ್ಲಿಷ್ ಆವೃತ್ತಿ ಬಂದ 1998ರಲ್ಲಿ ಈ ಮೂವ್ ಇದ್ದುದು ಒಂದು ಮೀನಿಗೆ ಮಾತ್ರ. ಮೀನೆಂದ ಮೇಲೆ ನೀರು ನೆನಪಾಗುವುದು ಸಹಜ. ಆದರೂ ಮೂವ್‌ನ ವರ್ಗ ‘ನೀರು’ ಅಲ್ಲ, ‘ನಾರ್ಮಲ್’ ಎಂಬ ಸುಳಿವು ಆಗಲೇ ಕಣ್ಣೆದುರಿಗಿತ್ತು. ಜರ್ಮನ್ ರೂಪ ‘ಪ್ಲಾಟ್ಷರ್’ ಮತ್ತು ಫ್ರೆಂಚ್ ರೂಪ ‘ತ್ರಾಂಪೆಟ್’ ಕೂಡ ನೀರಿನ ಕಡೆಗೇ ವಾಲುತ್ತವೆ. ಇವು ಇಂಗ್ಲಿಷ್ ದಾರಿಯಿಂದ ಬಂದಿರುವ ಸಾಧ್ಯತೆ ಹೆಚ್ಚು.

ತೊಡಕು ಬಯಲಾದದ್ದು 1999ರಲ್ಲಿ. ಹೊಸದಾಗಿ ಬಂದ ಹಾಪಿಪ್‌ಗೂ ಇದೇ ಮೂವ್ ಸಿಕ್ಕಿತು. ಅದು ಗಾಳಿಯಲ್ಲಿ ತೇಲುವ ಅರ್ಧ ಕಿಲೋ ತೂಕದ ಸಸ್ಯಜೀವಿ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಜಪಾನಿ ಹೆಸರು ‘ಹನೆಕ್ಕೊ’ದಲ್ಲಿ ‘ಹನೆ’ ಧ್ವನಿ ಸ್ಪಷ್ಟವಾಗಿದೆ. 2002ರಲ್ಲಿ, ಸ್ಪ್ರಿಂಗ್‌ನಂಥ ಬಾಲದ ಮೇಲೆ ಪುಟಿಯುವ ಹಂದಿಮರಿ ಸ್ಪೋಯಿಂಕ್‌ಗೂ ಅದು ದೊರೆಯಿತು. ಇಂಗ್ಲಿಷಿನಲ್ಲಿ ಓದಿದರೆ ಇವೆರಡೂ ನೀರಿಲ್ಲದೆ ನೀರೆರಚುತ್ತವೆ.

ನಿರ್ಣಾಯಕಕ್ಕೆ ಹತ್ತಿರವಾದ ಸಾಕ್ಷ್ಯ 2006ರ ‘ಡೈಮಂಡ್’ ಮತ್ತು ‘ಪರ್ಲ್’ನದು. ಅಲ್ಲಿ ಬಂದ ‘ಗ್ರಾವಿಟಿ’ ಎಂಬ ಮೂವ್ ಜಾರಿಯಲ್ಲಿರುವಾಗ ನೆಲ ಬಿಟ್ಟೇಳುವ ಮೂವ್‌ಗಳು ನಡೆಯುವುದಿಲ್ಲ. ಹಾಗೆ ತಡೆಹಿಡಿದವುಗಳಲ್ಲಿ ‘ಫ್ಲೈ’, ‘ಬೌನ್ಸ್’ಗಳ ಜೊತೆಗೆ ‘ಸ್ಪ್ಲ್ಯಾಶ್’ ಕೂಡ ಇದೆ. ನೀರೆರಚುವುದನ್ನು ಗುರುತ್ವ ತಡೆಯಬೇಕಾದ ಕಾರಣವಿಲ್ಲ, ನೆಗೆಯುವುದನ್ನು ತಡೆಯಲು ಇದೆ. 2017ರ ಮೊಬೈಲ್ ಆಟದ ಜಪಾನಿ ಹೆಸರು ‘ಹನೆರೊ! ಕೋಯಿಕಿಂಗ್’, ಅಂದರೆ ‘ನೆಗೆ, ಕೋಯಿಕಿಂಗ್!’, ಇಂಗ್ಲಿಷಿನಲ್ಲಿ ಅದೇ ಆಟ ‘ಮ್ಯಾಜಿಕಾರ್ಪ್ ಜಂಪ್’. ಅದೇ ಕ್ರಿಯಾಪದ ಇಲ್ಲಿ ಮುಖ್ಯಾರ್ಥದಲ್ಲೇ ಅನುವಾದಗೊಂಡಿದೆ, ಆದರೆ ಮೂವ್‌ನ ಹೆಸರು ಮಾತ್ರ ಬದಲಾಗಲಿಲ್ಲ.

ಕನ್ನಡಕ್ಕೆ ತರುವವರು ‘ನೆಗೆತ’ ಎಂದರೆ ಸಾಕಾದೀತು. ನೀರಿನಿಂದ ಹೊರಬಿದ್ದ ಮೀನಿಗೆ ನಾವು ಹೇಳುವ ‘ವಿಲವಿಲ ಒದ್ದಾಟ’ ಚಿತ್ರವತ್ತಾಗಿದ್ದರೂ ಅದನ್ನು ಮ್ಯಾಜಿಕಾರ್ಪ್ ಮುಂದೆ ಕಲಿಯುವ ‘ಫ್ಲೇಲ್’ ಎಂಬ ಮೂವ್‌ಗೆ ಕಾಯ್ದಿರಿಸುವುದು ಲೇಸು, ಅದರ ಜಪಾನಿ ಹೆಸರು ‘ಜಿತಬತ’, ಕೈಕಾಲು ಬಡಿದು ಒದ್ದಾಡುವುದಕ್ಕೆ ಬಳಸುವ ಅನುಕರಣ ಪದ.

4. ಎತ್ತರದ ವ್ಯತ್ಯಾಸ

ಆಟದೊಳಗಿನ ವಿವರಣಾಕೋಶವಾದ ಪೋಕೆಡೆಕ್ಸ್ ಈ ವಿಷಯದಲ್ಲಿ ಏಕಾಭಿಪ್ರಾಯ ಹೊಂದಿಲ್ಲ. ‘ಗೋಲ್ಡ್’ನ ಇಂಗ್ಲಿಷ್ ಪಾಠದಲ್ಲಿ ನೆಗೆತದ ಮಿತಿ ಏಳು ಅಡಿ. ‘ಪ್ಲ್ಯಾಟಿನಂ’ ಪಾಠದ ಪ್ರಕಾರ ಬಹುಕಾಲ ಬದುಕಿದ ಮೀನು ಬೆಟ್ಟವನ್ನೇ ದಾಟಬಲ್ಲದು. ವಯಸ್ಸಿನ ಷರತ್ತಿರುವುದರಿಂದ ಎರಡನ್ನೂ ಹೊಂದಿಸಬಹುದೇನೋ. ಗಮನಿಸಬೇಕಾದದ್ದು, ಎರಡೂ ಕಡೆ ಅಳೆದಿರುವುದು ಎತ್ತರವನ್ನು.

ಹಿನ್ನೆಲೆಯಲ್ಲಿ ಚೀನಾದ ಹಳದಿ ನದಿಯ ಡ್ರ್ಯಾಗನ್ ಬಾಗಿಲಿನ ಐತಿಹ್ಯವಿದೆ ಎಂಬ ಊಹೆ ಪ್ರಚಲಿತ: ಪ್ರವಾಹಕ್ಕೆದುರಾಗಿ ನೆಗೆದು ಬಾಗಿಲು ದಾಟಿದ ಕಾರ್ಪ್ ಡ್ರ್ಯಾಗನ್ ಆಗುತ್ತದೆ. 1999ರ ‘ಪೋಕೆಮಾನ್ ಸ್ನ್ಯಾಪ್’ನಲ್ಲಿ ಮ್ಯಾಜಿಕಾರ್ಪ್ ಜಲಪಾತಕ್ಕೆ ಬಿದ್ದು ಗ್ಯಾರಡೋಸ್ ಆಗಿ ಮೇಲೇಳುವುದು ಇದಕ್ಕೆ ಪೂರಕ. ಗ್ಯಾರಡೋಸ್‌ನ ವರ್ಗ ಮಾತ್ರ ‘ನೀರು’ ಮತ್ತು ‘ಹಾರಾಟ’, ‘ಡ್ರ್ಯಾಗನ್’ ಅಲ್ಲ.

5. ಒಂದು ಕಾಲಮಿತಿ

ಎರಡನೆಯ ಭಾಗದಲ್ಲಿ ‘ಯಾವ ಪರಿಣಾಮವೂ ಇಲ್ಲದ’ ಎಂದಿರುವುದು 2016ರ ‘ಸನ್’ ಮತ್ತು ‘ಮೂನ್’ಗೆ ಮುಂಚಿನ ಸ್ಥಿತಿಗೆ ಪೂರ್ಣವಾಗಿ ಅನ್ವಯಿಸುತ್ತದೆ. ಆ ಆಟಗಳಲ್ಲಿ ಜ಼ೆಡ್ ಶಕ್ತಿಯೊಡನೆ ಬಳಸಿದ ‘ಸ್ಪ್ಲ್ಯಾಶ್’ ಬಳಸಿದ ಜೀವಿಯ ದಾಳಿಯನ್ನು ಮೂರು ಹಂತ ಏರಿಸುತ್ತದೆ.