ಕಟ್ಟಡಗಳ ವಿದ್ಯುತ್ ವೈರಿಂಗ್ ಮತ್ತು ದೀಪವಿನ್ಯಾಸ: ಚರಿತ್ರೆ

ಕಟ್ಟಡದೊಳಗೆ ವಿದ್ಯುತ್ತನ್ನು ಮೀಟರಿನಿಂದ ದೀಪ, ಫ್ಯಾನು, ಸಾಕೆಟ್ಟುಗಳವರೆಗೆ ಒಯ್ಯುವ ತಂತಿಗಳ ಏರ್ಪಾಡಿಗೆ ವೈರಿಂಗ್ ಎಂದು ಹೆಸರು. ಯಾವ ತಂತಿ ಎಷ್ಟು ದಪ್ಪವಿರಬೇಕು, ಒಂದು ಸರ್ಕಿಟ್ಟಿನ ಮೇಲೆ ಎಷ್ಟು ಲೋಡ್ ಹಾಕಬಹುದು, ಸ್ವಿಚ್ಚು ಎಲ್ಲಿ, ಫ್ಯೂಸು ಎಲ್ಲಿ, ಯಾವ ಕೋಣೆಗೆ ಎಷ್ಟು ಬೆಳಕು ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿ ನಕ್ಷೆಯಲ್ಲಿ ಗುರುತಿಸುವುದು ಅದರ ವಿನ್ಯಾಸ. ಈ ವಿದ್ಯೆಗೆ ಸುಮಾರು 140 ವರ್ಷಗಳ ವಯಸ್ಸು. ಅದರ ನಿಯಮಗಳಲ್ಲಿ ಬಹುಪಾಲು, ಹೊತ್ತಿ ಉರಿದ ಕಟ್ಟಡಗಳೂ ಶಾಕ್ ಹೊಡೆದು ಹೋದ ಜೀವಗಳೂ ಕಲಿಸಿದ ಪಾಠಗಳು.

ಮೊದಲ ಮನೆಗಳು

ವಿದ್ಯುತ್ ಬೆಳಕು ಮನೆಗಿಂತ ಮೊದಲು ಬಂದದ್ದು ಬೀದಿಗೆ. 1878ರಲ್ಲಿ ಪ್ಯಾರಿಸಿನ ಒಪೆರಾ ರಸ್ತೆಯಲ್ಲಿ ಯಾಬ್ಲೊಚ್ಕೋವನ ಆರ್ಕ್ ದೀಪಗಳು ಬೆಳಗಿದವು. ಆದರೆ ಆರ್ಕ್ ದೀಪದ ಕಣ್ಣು ಕುಕ್ಕುವ ಬೆಳಕು ಮನೆಯೊಳಕ್ಕೆ ಹೊಂದುವಂಥದ್ದಾಗಿರಲಿಲ್ಲ. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರು ತನ್ನ ಕ್ರಾಗ್‌ಸೈಡ್ ಬಂಗಲೆಗೆ ಕೆರೆಯ ನೀರಿನಿಂದ ವಿದ್ಯುತ್ ತಯಾರಿಸಿ, 1878ರಲ್ಲಿ ಆರ್ಕ್ ದೀಪವನ್ನೂ 1880ರಲ್ಲಿ ಜೋಸೆಫ್ ಸ್ವಾನ್ ತಯಾರಿಸಿದ ಬಲ್ಬುಗಳನ್ನೂ ಹಾಕಿಸಿದ. ಅಲ್ಲಿನ ಗ್ರಂಥಾಲಯದ ದೀಪಗಳಿದ್ದದ್ದು ಮಿನಾಕಾರಿ ಮಾಡಿದ ತಾಮ್ರದ ಹೂದಾನಿಗಳ ಮೇಲೆ. ಹೂದಾನಿಯ ಒಡಲಿನ ಮೂಲಕವೇ ವಿದ್ಯುತ್ ಹರಿದು, ಬುಡದಲ್ಲಿದ್ದ ಪಾದರಸವನ್ನು ಸೇರುತ್ತಿತ್ತು. ಹೂದಾನಿಯನ್ನು ಎತ್ತಿದರೆ ದೀಪ ಆರುತ್ತಿತ್ತು, ಇಟ್ಟರೆ ಹತ್ತುತ್ತಿತ್ತು. ಕೈಯಲ್ಲಿ ಹಿಡಿಯುವ ಅಲಂಕಾರದ ಪಾತ್ರೆಯನ್ನೇ ತಂತಿಯಾಗಿ ಬಳಸಿದ ಈ ಏರ್ಪಾಡು, ವಿದ್ಯುತ್ತಿನ ಅಪಾಯದ ಅರಿವು ಆಗಿನ್ನೂ ಎಷ್ಟು ಕಡಿಮೆಯಿತ್ತೆಂಬುದಕ್ಕೆ ಸಾಕ್ಷಿ.

ಮರುವರ್ಷ, 1881ರಲ್ಲಿ, ಲಂಡನ್ನಿನ ಸೆವಾಯ್ ನಾಟಕಶಾಲೆ ಪೂರ್ತಿಯಾಗಿ ವಿದ್ಯುತ್ತಿನಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡವಾಯಿತು. ಅಲ್ಲಿ ಸುಮಾರು 1,200 ಬಲ್ಬುಗಳಿದ್ದವು. ಗ್ಯಾಸ್ ದೀಪಗಳಿಂದ ನಾಟಕಶಾಲೆಗಳು ಸುಟ್ಟುಹೋಗುತ್ತಿದ್ದ ಕಾಲ ಅದು. ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆ ಬಂದು, ಉರಿಯುವ ಬಲ್ಬಿಗೆ ಮಸ್ಲಿನ್ ಬಟ್ಟೆ ಸುತ್ತಿ ಒಡೆದು, ಬಟ್ಟೆಗೆ ಬೆಂಕಿ ಹತ್ತಲಿಲ್ಲವೆಂದು ಪ್ರೇಕ್ಷಕರಿಗೆ ತೋರಿಸಿದ.

ಬಲ್ಬು ಸುರಕ್ಷಿತವೆಂಬುದು ನಿಜ. ಅದಕ್ಕೆ ಬರುವ ತಂತಿ ಸುರಕ್ಷಿತವಾಗಿರಲಿಲ್ಲ. ನ್ಯೂಯಾರ್ಕಿನ ಬ್ಯಾಂಕರ್ ಜೆ. ಪಿ. ಮಾರ್ಗನ್ 1882ರಲ್ಲಿ ತನ್ನ ಮನೆಗೆ ಎಡಿಸನ್ ಕಂಪನಿಯಿಂದ ದೀಪ ಹಾಕಿಸಿದಾಗ ಹಿತ್ತಲ ನೆಲಮಾಳಿಗೆಯಲ್ಲಿ ಉಗಿಯಂತ್ರವನ್ನೂ ಜನರೇಟರನ್ನೂ ಕೂರಿಸಬೇಕಾಯಿತು. ಎಂಜಿನ್ ನೋಡಿಕೊಳ್ಳುವವನು ಮಧ್ಯಾಹ್ನ ಬಂದು ರಾತ್ರಿ 11ಕ್ಕೆ ಹೊರಟುಹೋಗುತ್ತಿದ್ದ. ಆಮೇಲೆ ಮನೆಯೆಲ್ಲ ಕತ್ತಲೆ. ಓದುವ ಕೋಣೆಯಲ್ಲಿ ನೆಲಹಾಸಿನ ಕೆಳಗೆ ಹಾಯಿಸಿದ್ದ ತಂತಿ ಶಾರ್ಟ್ ಆಗಿ ಮೇಜೂ ರತ್ನಗಂಬಳಿಯೂ ಸುಟ್ಟವು. ಅದೇ ವರ್ಷ ಸೆಪ್ಟೆಂಬರ್ 4ರಂದು ಎಡಿಸನ್‌ನ ಪರ್ಲ್ ಸ್ಟ್ರೀಟ್ ಕೇಂದ್ರ 110 ವೋಲ್ಟಿನ ಡಿಸಿ ವಿದ್ಯುತ್ತನ್ನು ಗಿರಾಕಿಗಳಿಗೆ ಪೂರೈಸತೊಡಗಿತು. ಮನೆಮನೆಗೆ ಯಂತ್ರ ಇಡಬೇಕಾದ ಕಷ್ಟ ತಪ್ಪಿತು. ಮನೆಯೊಳಗಿನ ತಂತಿಯ ಜವಾಬ್ದಾರಿ ಮಾತ್ರ ಹೊಸ ಸಮಸ್ಯೆಯಾಗಿ ಉಳಿಯಿತು.

ವಿಮೆಯವರು ಬರೆದ ನಿಯಮಗಳು

ಈ ಸಮಸ್ಯೆಗೆ ಮೊದಲು ಕೈಹಾಕಿದವರು ಬೆಂಕಿ ವಿಮಾ ಕಂಪನಿಗಳು. ಲಂಡನ್ನಿನ ಫೀನಿಕ್ಸ್ ವಿಮಾ ಸಂಸ್ಥೆಯ ಮಸ್‌ಗ್ರೇವ್ ಹೀಫಿ 1882ರಲ್ಲಿ ವೈರಿಂಗ್ ನಿಯಮಗಳನ್ನು ಹೊರತಂದ. ಅದೇ ವರ್ಷ ಬ್ರಿಟನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವೂ ವಿದ್ಯುದ್ದೀಪಗಳಿಂದ ಬೆಂಕಿ ತಗಲುವುದನ್ನು ತಡೆಯುವ ನಿಯಮಗಳನ್ನು ಪ್ರಕಟಿಸಿತು. ನಾಲ್ಕು ಪುಟ ತುಂಬುವಷ್ಟಿದ್ದ ಆ ಪತ್ರಿಕೆಯೇ ಬೆಳೆದು ಇಂದು ನೂರಾರು ಪುಟಗಳ ಬ್ರಿಟಿಷ್ ಮಾನಕವಾಗಿದೆ. ಅದರ 18ನೆಯ ಆವೃತ್ತಿ 2018ರಲ್ಲಿ ಬಂತು. ಅಮೆರಿಕದಲ್ಲಿ 1893ರ ಶಿಕಾಗೋ ವಿಶ್ವಮೇಳದ ಸಾವಿರಾರು ದೀಪಗಳ ಸುರಕ್ಷತೆಯನ್ನು ಪರೀಕ್ಷಿಸಲು ವಿಮೆಯವರು ಕರೆಸಿದ ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣ, ಮುಂದಿನ ವರ್ಷ ಅಲ್ಲೇ ಒಂದು ಪರೀಕ್ಷಾಲಯ ತೆರೆದ. ಇಂದು ಉಪಕರಣಗಳ ಮೇಲೆ ಕಾಣುವ ಯುಎಲ್ ಗುರುತು ಅದರದ್ದೇ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1897ರಲ್ಲಿ ಬಂತು.

ಲಾಭದ ಲೆಕ್ಕ ಹಾಕುವ ಕಂಪನಿಗಳು ಈ ಕೆಲಸಕ್ಕೆ ಮೊದಲಿಗರಾದದ್ದರಲ್ಲಿ ಆಶ್ಚರ್ಯವಿಲ್ಲ. ಮನೆ ಸುಟ್ಟರೆ ದುಡ್ಡು ಕಟ್ಟಿಕೊಡಬೇಕಾದವರು ಅವರೇ. ಇದರಿಂದ ಒಂದು ದೊಡ್ಡ ಪರಿಣಾಮವಾಯಿತು: ಆರಂಭದ ನಿಯಮಗಳು ಹೆಚ್ಚಾಗಿ ಕಟ್ಟಡವನ್ನು ಬೆಂಕಿಯಿಂದ ಉಳಿಸುವುದಕ್ಕೆ ಗಮನ ಕೊಟ್ಟವು. ಮನುಷ್ಯನಿಗೆ ಶಾಕ್ ತಗಲಿದ ಕ್ಷಣದಲ್ಲೇ ಕರೆಂಟು ಕಡಿಯುವ ಸಾಧನ ಬರಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ತಂತಿ, ಸ್ವಿಚ್ಚು, ಫ್ಯೂಸು

ಆರಂಭದ ತಂತಿಗಳಿಗೆ ಹತ್ತಿಯ ಹೊದಿಕೆ; ಆಮೇಲೆ ರಬ್ಬರು ಬಂತು. ಅಮೆರಿಕದ ಮರದ ಮನೆಗಳಲ್ಲಿ ಪಿಂಗಾಣಿ ಗುಬ್ಬಿಗಳ ಮೇಲೆ ತಂತಿ ಎಳೆದು, ತೊಲೆ ದಾಟುವಲ್ಲಿ ಪಿಂಗಾಣಿ ಕೊಳವೆ ತೂರಿಸುತ್ತಿದ್ದರು. ಬ್ರಿಟನ್ನಿನಲ್ಲೂ ಭಾರತದಲ್ಲೂ ಎರಡು ಕಾಲುವೆ ಕೊರೆದ ಮರದ ಪಟ್ಟಿಯಲ್ಲಿ ತಂತಿಗಳನ್ನು ಕೂರಿಸಿ ಮೇಲೊಂದು ಮುಚ್ಚಳ ಹೊಡೆಯುವ ಕೇಸಿಂಗ್-ಕ್ಯಾಪಿಂಗ್ ಪದ್ಧತಿ ನಡೆಯಿತು. ಅದರ ನಂತರದ ಬ್ಯಾಟನ್ ವೈರಿಂಗ್ ನಮ್ಮಲ್ಲಿ ದಶಕಗಟ್ಟಲೆ ಉಳಿಯಿತು. ಗೋಡೆಯೊಳಗೆ ಮರದ ಗುಳಿಗೆ ಬಡಿದು, ಅದಕ್ಕೆ ತೇಗದ ಪಟ್ಟಿಯನ್ನು ತಿರುಪಿನಿಂದ ಕಚ್ಚಿಸಿ, ಲೋಹದ ಕ್ಲಿಪ್ಪುಗಳನ್ನು ಬೆರಳಿನಿಂದ ಮಡಚಿ ತಂತಿಯನ್ನು ಹಿಡಿಸುವ ಈ ಕೆಲಸದಲ್ಲಿ ಒಳ್ಳೆಯ ವೈರ್‌ಮನ್ನನ ಕೈ ಗುರುತು ಸಿಗುತ್ತಿತ್ತು. ಪಟ್ಟಿ ನೂಲು ಹಿಡಿದಷ್ಟು ನೇರ, ಮೂಲೆಯಲ್ಲಿ ತಂತಿ ಮುರಿಯದಂತೆ ದುಂಡನೆಯ ತಿರುವು. ಕಣ್ಣಿಗೆ ಕಾಣುವಂತಿದ್ದ ಈ ವೈರಿಂಗಿನಲ್ಲಿ ತಪ್ಪು ಹುಡುಕುವುದು ಸುಲಭವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಪಿವಿಸಿ ಹೊದಿಕೆಯ ತಂತಿ ಹರಡಿ, ಗೋಡೆ ಕೊರೆದು ಪೈಪು ಹುದುಗಿಸುವ ಕನ್ಸೀಲ್ಡ್ ವೈರಿಂಗ್ ರೂಢಿಯಾದ ಮೇಲೆ ಗೋಡೆ ಚಂದವಾಯಿತು, ತಪ್ಪು ಗಾರೆಯ ಹಿಂದೆ ಅಡಗಿತು.

ತಾಮ್ರದ ಕೊರತೆಯಿಂದ ಭಾರತದಲ್ಲಿ ಒಂದು ಕಾಲಕ್ಕೆ ಮನೆಗಳಿಗೂ ಅಲ್ಯೂಮಿನಿಯಂ ತಂತಿ ಹಾಕಿದರು. ಅಲ್ಯೂಮಿನಿಯಂ ಒತ್ತಡಕ್ಕೆ ಜಗ್ಗುತ್ತದೆ. ತಿರುಪಿನ ಕೆಳಗೆ ಸಡಿಲಗೊಂಡು, ಮೇಲ್ಮೈ ಕಿಲುಬುಗಟ್ಟಿ, ಕೂಡಿದ ಜಾಗ ಬಿಸಿಯಾಗುತ್ತದೆ. ಹಳೆಯ ಮನೆಗಳ ಸುಟ್ಟು ಕರಕಲಾದ ಸ್ವಿಚ್ಚು ಬೋರ್ಡುಗಳಲ್ಲಿ ಅನೇಕಕ್ಕೆ ಇದೇ ಕಾರಣ. ಮನೆಯ ವೈರಿಂಗಿಗೆ ಮತ್ತೆ ತಾಮ್ರವೇ ಬಂದಿದೆ. ತಂತಿಯ ಅಳತೆ ಚದರ ಮಿಲಿಮೀಟರಿಗೆ ಬದಲಾದ ಮೇಲೂ 3/22, 7/20 ಎಂಬ ಹಳೆಯ ಗೇಜಿನ ಲೆಕ್ಕ ಹಿರಿಯ ವೈರ್‌ಮನ್ನರ ಬಾಯಲ್ಲಿ ಉಳಿದಿದೆ.

ನ್ಯೂಕಾಸಲ್ಲಿನ ಜಾನ್ ಹೋಮ್ಸ್ 1884ರಲ್ಲಿ ರೂಪಿಸಿದ ಸ್ವಿಚ್ಚು, ಎಷ್ಟೇ ನಿಧಾನವಾಗಿ ಒತ್ತಿದರೂ ಸ್ಪ್ರಿಂಗಿನ ಬಲದಿಂದ ತಟ್ಟನೆ ಸಂಪರ್ಕ ಕಡಿಯುತ್ತಿತ್ತು. ಕಿಡಿ ಹಾರಿ ಲೋಹ ಸುಡುವುದು ಇದರಿಂದ ತಪ್ಪಿತು. ಇಂದು ಟಕ್ಕೆಂದು ಸದ್ದು ಮಾಡುವ ಪ್ರತಿ ಸ್ವಿಚ್ಚಿನ ಮೂಲ ಇದು. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನ ಬದಲಿಗೆ ತಾನೇ ಟ್ರಿಪ್ ಆಗುವ ಎಂಸಿಬಿಯನ್ನು ಜರ್ಮನಿಯ ಮಾನ್‌ಹೈಮಿನ ಹ್ಯೂಗೊ ಸ್ಟಾಟ್ಸ್ ಕಂಪನಿ 1924ರಲ್ಲಿ ಪೇಟೆಂಟ್ ಮಾಡಿತು. ನಮ್ಮ ಮನೆಗಳಿಗೆ ಅದು ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟು ಕಾಲವೂ ಫ್ಯೂಸು ಹೋದಾಗ ಕೈಗೆ ಸಿಕ್ಕ ದಪ್ಪ ತಂತಿಯನ್ನು ಸುತ್ತುವ ಅಪಾಯಕರ ರೂಢಿ ನಡೆದೇ ಇತ್ತು.

ಫ್ಯೂಸಿನ ಜಾಗವನ್ನು ಕುರಿತ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಡಿಸಿ ಕಾಲದಲ್ಲಿ ಎರಡು ತಂತಿಗಳಿಗೂ ಫ್ಯೂಸು ಹಾಕುತ್ತಿದ್ದರು. ಕರೆಂಟು ಮರಳುವ ತಂತಿಯಾದ ನ್ಯೂಟ್ರಲ್ಲನ್ನು ಭೂಮಿಗೆ ಕೂಡಿಸಿದ ಎಸಿ ಪದ್ಧತಿ ಬಂದ ಮೇಲೆ ಇದೇ ಅಭ್ಯಾಸ ಮಾರಕವಾಯಿತು. ನ್ಯೂಟ್ರಲ್ ಫ್ಯೂಸು ಮಾತ್ರ ಸುಟ್ಟರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಆದರೆ ಕರೆಂಟು ತರುವ ಫೇಸ್ ತಂತಿಯಲ್ಲಿ ಪೂರ್ತಿ 230 ವೋಲ್ಟ್ ಹಾಗೇ ಇರುತ್ತದೆ. ಕರೆಂಟಿಲ್ಲವೆಂದು ನಂಬಿ ಕೈಹಾಕಿದವನಿಗೆ ಅದು ತಗಲುತ್ತದೆ. ಆದ್ದರಿಂದ ಸ್ವಿಚ್ಚೂ ಫ್ಯೂಸೂ ಫೇಸಿನಲ್ಲೇ ಇರಬೇಕು, ಭೂಮಿಗೆ ಕೂಡಿಸಿದ ನ್ಯೂಟ್ರಲ್ಲಿಗೆ ಬಿಡಿ ಫ್ಯೂಸು ಕೂಡದು ಎಂದು ನಿಯಮ ಬಿಗಿಯಾಯಿತು.

ಭಾರತ, ಮೈಸೂರು

ಕಲ್ಕತ್ತಾದಲ್ಲಿ 1879ರಲ್ಲೇ ವಿದ್ಯುದ್ದೀಪದ ಪ್ರದರ್ಶನ ನಡೆದಿತ್ತು. 1897ರಲ್ಲಿ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಜಲವಿದ್ಯುತ್ ಕೇಂದ್ರವೂ 1899ರಲ್ಲಿ ಕಲ್ಕತ್ತಾದ ಉಗಿವಿದ್ಯುತ್ ಕೇಂದ್ರವೂ ಆರಂಭವಾದವು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ರೂಪಿಸಿದ ಶಿವನಸಮುದ್ರದ ಜಲವಿದ್ಯುತ್ ಯೋಜನೆಯಿಂದ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ಮೈಸೂರಿಗೆ 1908ರಲ್ಲಿ ಬಂತು.

ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಮುಗಿದ ಮೈಸೂರು ಅರಮನೆ, ಕರ್ನಾಟಕದಲ್ಲಿ ದೀಪವಿನ್ಯಾಸದ ಅತಿ ಪ್ರಸಿದ್ಧ ಉದಾಹರಣೆ. ಕಮಾನು, ಗೋಪುರ, ಕಂಬಸಾಲುಗಳ ಅಂಚಿನುದ್ದಕ್ಕೂ ಸುಮಾರು 97,000 ಸಣ್ಣ ಬಲ್ಬುಗಳು. ಕಟ್ಟಡದ ಮೇಲೆ ದೂರದಿಂದ ಬೆಳಕು ಚೆಲ್ಲುವ ಬದಲು ಅದರ ಗೆರೆಗಳನ್ನೇ ಬೆಳಕಿನಲ್ಲಿ ಬರೆಯುವ ಈ ಕ್ರಮ, ದೀಪೋತ್ಸವದಲ್ಲಿ ದೇವಸ್ಥಾನದ ಗೋಡೆಯುದ್ದಕ್ಕೂ ಹಣತೆ ಸಾಲಿಡುವ ನಮ್ಮ ಪದ್ಧತಿಗೆ ಹತ್ತಿರದ್ದು. ದಸರೆಯ ಸಂಜೆ ಅದನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಡ.

ಸಂಸ್ಥಾನ ಈ ವಿದ್ಯೆಯನ್ನು ಸ್ವಂತ ನೆಲದಲ್ಲಿ ಬೆಳೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಲ್ಲಿ ಮೊದಲು ತೆರೆದ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಬಂತು. ಬಲ್ಬು ತಯಾರಿಸುತ್ತಿದ್ದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ 1936ರಲ್ಲಿ ಮಲ್ಲೇಶ್ವರದಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ 1956ರ ಭಾರತೀಯ ವಿದ್ಯುತ್ ನಿಯಮಗಳು ಲೈಸೆನ್ಸ್ ಪಡೆದ ಗುತ್ತಿಗೆದಾರನೇ ವೈರಿಂಗ್ ಮಾಡಬೇಕೆಂದು ವಿಧಿಸಿದವು. ವೈರಿಂಗ್ ಮಾನಕ ಐಎಸ್ 732, ಅದರ ಮೇಲೆ 1985ರ ರಾಷ್ಟ್ರೀಯ ವಿದ್ಯುತ್ ಸಂಹಿತೆ ಬಂದವು. ಒಂದು ದೀಪದ ಸರ್ಕಿಟ್ಟಿನಲ್ಲಿ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದೆಂಬ, ವೈರ್‌ಮನ್ ಪರೀಕ್ಷೆಗೆ ಕೂರುವವರೆಲ್ಲ ಬಾಯಿಪಾಠ ಮಾಡುವ ನಿಯಮ ಈ ಪರಂಪರೆಯದು.

ಬೆಳಕಿನ ಲೆಕ್ಕ

ವೈರಿಂಗಿಗೆ ನಿಯಮ ಬಂದು ಕಾಲು ಶತಮಾನವಾದರೂ ಬೆಳಕಿಗೆ ಲೆಕ್ಕವಿರಲಿಲ್ಲ. ಗ್ಯಾಸ್ ದೀಪ ತೂಗುತ್ತಿದ್ದ ಜಾಗದಲ್ಲೇ, ಸೂರಿನ ನಡುವೆ, ಬಲ್ಬು ತೂಗಿಬಿಟ್ಟರು. ಓದುವವನ ನೆರಳು ಪುಸ್ತಕದ ಮೇಲೆ ಬಿದ್ದರೂ ಅಷ್ಟೇ, ಅಡುಗೆ ಮಾಡುವವಳ ನೆರಳು ಒಲೆಯ ಮೇಲೆ ಬಿದ್ದರೂ ಅಷ್ಟೇ.  1906ರಲ್ಲಿ ನ್ಯೂಯಾರ್ಕಿನಲ್ಲಿ ಬೆಳಕಿನ ಎಂಜಿನಿಯರುಗಳ ಸಂಘವೂ 1913ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವೂ ಸ್ಥಾಪನೆಯಾದವು. ಹ್ಯಾರಿಸನ್ ಮತ್ತು ಆಂಡರ್ಸನ್ ಎಂಬಿಬ್ಬರು ಅಮೆರಿಕನ್ ಎಂಜಿನಿಯರುಗಳು 1916 ಮತ್ತು 1920ರಲ್ಲಿ ಪ್ರಕಟಿಸಿದ ಲ್ಯೂಮೆನ್ ವಿಧಾನ ಇಂದಿಗೂ ಪಾಠವಾಗಿದೆ.

ಅದು ಕಷ್ಟದ್ದಲ್ಲ. 8 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ತರಗತಿಗೆ 300 ಲಕ್ಸ್, ಅಂದರೆ ಚದರ ಮೀಟರಿಗೆ 300 ಲ್ಯೂಮೆನ್, ಬೆಳಕು ಬೇಕೆನ್ನಿ. ಮೇಜುಗಳ ಮೇಲೆ ಬೀಳಬೇಕಾದದ್ದು 48 ಚದರ ಮೀಟರನ್ನು 300ರಿಂದ ಗುಣಿಸಿದರೆ ಬರುವ 14,400 ಲ್ಯೂಮೆನ್. ದೀಪ ಹೊರಹಾಕುವ ಬೆಳಕಿನಲ್ಲಿ ಗೋಡೆ, ಸೂರುಗಳು ನುಂಗಿ ಮೇಜಿಗೆ ತಲಪುವುದು ಶೇ. 60 ಎಂದೂ, ದೂಳು ಮತ್ತು ಹಳತಾಗುವಿಕೆಯಿಂದ ಉಳಿಯುವುದು ಅದರಲ್ಲಿ ಶೇ. 80 ಎಂದೂ ಇಟ್ಟುಕೊಂಡರೆ ಒಟ್ಟು 30,000 ಲ್ಯೂಮೆನ್ ಬೇಕು. ಸುಮಾರು 2,000 ಲ್ಯೂಮೆನ್ ಕೊಡುವ 20 ವ್ಯಾಟಿನ ಎಲ್‌ಇಡಿ ಟ್ಯೂಬುಗಳಾದರೆ 15. ಸುಮಾರು 700 ಲ್ಯೂಮೆನ್ ಕೊಡುವ ಹಳೆಯ 60 ವ್ಯಾಟ್ ಬಲ್ಬುಗಳಾದರೆ 43. ನಾಲ್ಕು ಟ್ಯೂಬ್‌ಲೈಟಿನ ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಕಣ್ಣು ಕಿರಿದುಮಾಡುವುದೇಕೆಂದು ಈ ಲೆಕ್ಕ ತಿಳಿಸುತ್ತದೆ. ಗೋಡೆಗೆ ಬಿಳಿ ಸುಣ್ಣ ಹೊಡೆದರೆ ಟ್ಯೂಬುಗಳ ಸಂಖ್ಯೆ ಇಳಿಯುತ್ತದೆಂಬುದನ್ನೂ ಅದೇ ಹೇಳುತ್ತದೆ.

ಸಂಖ್ಯೆಯೊಂದೇ ಸಾಲದೆಂದು ತೋರಿಸಿದವನು ಅಮೆರಿಕದ ರಿಚರ್ಡ್ ಕೆಲ್ಲಿ. ಕೋಣೆಯನ್ನೆಲ್ಲ ಆವರಿಸುವ ಬೆಳಕು, ಬೇಕಾದೆಡೆ ಬೀಳುವ ಬೆಳಕು, ಕಣ್ಣಿಗೆ ಹಬ್ಬವಾಗುವ ಮಿನುಗು ಎಂದು 1950ರ ದಶಕದಲ್ಲಿ ಆತ ಮಾಡಿದ ವಿಂಗಡಣೆ ವಾಸ್ತುಶಿಲ್ಪಿಗಳಿಗೆ ದಾರಿಯಾಯಿತು. ದೀಪಗಳೂ ಬದಲಾಗುತ್ತಿದ್ದವು: 1910ರ ಸುಮಾರಿಗೆ ಟಂಗ್‌ಸ್ಟನ್ ತಂತು, 1938ರಲ್ಲಿ ಮಾರುಕಟ್ಟೆಗೆ ಟ್ಯೂಬ್‌ಲೈಟು, 1990ರ ದಶಕದಲ್ಲಿ ನೀಲಿ ಎಲ್‌ಇಡಿ. ಬಿಳಿ ಎಲ್‌ಇಡಿಗೆ ದಾರಿ ತೆರೆದ ಈ ಕೊನೆಯದಕ್ಕಾಗಿ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ನೊಬೆಲ್ ಬಂತು.

ಜೀವರಕ್ಷಣೆ

ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಟ್ರಿಪ್ ಆಗಬೇಕಾದರೆ 16ಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಅದರ ನೂರರಲ್ಲೊಂದು ಪಾಲು ಮನುಷ್ಯನಿಗೆ ಮಾರಕವಾಗಬಲ್ಲದು. ಬರ್ಕ್ಲಿಯ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಿಡಿದ ತಂತಿಯನ್ನು ಸ್ವಂತ ಶಕ್ತಿಯಿಂದ ಬಿಡಲಾಗುವ ಮಿತಿ ಗಂಡಸರಿಗೆ ಸರಾಸರಿ 16, ಹೆಂಗಸರಿಗೆ ಸುಮಾರು 10.5 ಮಿಲಿಆಂಪಿಯರ್ ಎಂದು ಕಂಡಿತು. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳದಿದ್ದರೆ, ಅಂದರೆ ಸ್ವಲ್ಪ ಭಾಗ ಯಾರದೋ ಮೈಮೂಲಕ ನೆಲಕ್ಕೆ ಇಳಿಯುತ್ತಿದ್ದರೆ, ಕ್ಷಣದಲ್ಲಿ ಕಡಿಯುವ ಸಾಧನ 1950ರ ದಶಕದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂತು. ನಮ್ಮಲ್ಲಿ ಅದನ್ನು ಆರ್‌ಸಿಸಿಬಿ ಅಥವಾ ಇಎಲ್‌ಸಿಬಿ ಎನ್ನುತ್ತಾರೆ. ಮನೆಗಳಿಗೆ ಬೇಕಾದದ್ದು 30 ಮಿಲಿಆಂಪಿಯರಿನದು. ಭಾರತದ 2010ರ ಸುರಕ್ಷತಾ ನಿಯಮಗಳು ಇಂಥ ಸಾಧನವನ್ನು ಕಡ್ಡಾಯ ಮಾಡಿದಾಗ 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಮನೆಗಳನ್ನು ಹೊರಗಿಟ್ಟವು. ಬಡವರ, ಮಧ್ಯಮವರ್ಗದವರ ಮನೆಗಳಲ್ಲಿ ಬಹುಪಾಲು ಆ ಗೆರೆಯ ಕೆಳಗೇ ಇದ್ದವು. ಅದು ದೊಡ್ಡ ಲೋಪ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ ಉದ್ದಗಿರುವ ಪಿನ್ನು ಭೂಮಿಗೆ ಕೂಡುವ ಅರ್ತ್. ಉದ್ದವಿರುವುದರಿಂದ ಅದು ಸಾಕೆಟ್ಟಿನಲ್ಲಿ ಮೊದಲು ಕೂಡುತ್ತದೆ, ಕೊನೆಗೆ ಬಿಡುತ್ತದೆ. ಉಪಕರಣಕ್ಕೆ ಕರೆಂಟು ತಲಪುವ ಮೊದಲೇ ರಕ್ಷಣೆ ಸಿದ್ಧವಾಗಿರಲೆಂಬುದು ವಿನ್ಯಾಸಕರ ಉದ್ದೇಶ. ಹಿತ್ತಲಲ್ಲಿ ಇದ್ದಲು, ಉಪ್ಪು ತುಂಬಿದ ಅರ್ತ್ ಗುಂಡಿ ಒಣಗಿದ್ದರೆ ಅಥವಾ ಆ ಪಿನ್ನಿಗೆ ತಂತಿಯನ್ನೇ ಕೂಡಿಸಿರದಿದ್ದರೆ ಈ ಜಾಣ್ಮೆಯೆಲ್ಲ ವ್ಯರ್ಥ.

ಕಚೇರಿ, ಆಸ್ಪತ್ರೆ, ಬಹುಮಹಡಿ ಕಟ್ಟಡಗಳಿಗೆ ಈಗ ಸರ್ಕಿಟ್ಟು ಸರ್ಕಿಟ್ಟಿಗೂ ನಕ್ಷೆ, ಲೋಡ್ ಪಟ್ಟಿ, ಬೆಳಕಿನ ಲೆಕ್ಕ ಸಿದ್ಧವಾಗುತ್ತವೆ. ಸಾಮಾನ್ಯ ಮನೆಗಳಲ್ಲಿ ಪೈಪು ಎಲ್ಲಿ ಹಾಯ್ದಿದೆಯೆಂಬುದು ಗೋಡೆ ಕೊರೆದವನ ನೆನಪಿನಲ್ಲಿ ಮಾತ್ರ ಇರುತ್ತದೆ. ಮನೆ ಕಟ್ಟಿಸುವವರು ಗಾರೆ ಮೆತ್ತುವ ಮೊದಲು ಪೈಪುಗಳ ಫೋಟೋ ತೆಗೆದು, ವೈರಿಂಗ್ ನಕ್ಷೆಯನ್ನು ಬರೆಸಿ ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಬೇಕು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಟ್ರಿಪ್ ಆಗದಿದ್ದರೆ ಅದನ್ನು ಆ ದಿನವೇ ಬದಲಾಯಿಸಬೇಕು.