ಅರಸರ ಮೇಜಿನ ಪಿಂಗಾಣಿ

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಶ್ರೀಮಂತರ ಊಟದ ಮೇಜಿಗೆ ಬೆಳ್ಳಿ ಬಂಗಾರಗಳೇ ಭೂಷಣವಾಗಿದ್ದವು. ಚೀನಾ ದೇಶದಿಂದ ಹಡಗುಗಳಲ್ಲಿ ಬಂದ ಪಿಂಗಾಣಿ ಅವುಗಳ ಗರ್ವವನ್ನು ಮುರಿಯಿತು. ಬೆಳಕು ಹಾಯುವಷ್ಟು ತೆಳುವಾದರೂ ಬಿಸಿ ಪಾನೀಯಕ್ಕೆ ಬಿರಿಯದ ಈ ಪಾತ್ರೆಗಳ ಗುಟ್ಟು ಅಲ್ಲಿನ ಕುಂಬಾರರಿಗೆ ದಕ್ಕಿರಲಿಲ್ಲ.

ಸ್ಯಾಕ್ಸನಿಯ ದೊರೆ ಅಗಸ್ಟಸನಿಗೆ ಪಿಂಗಾಣಿಯ ಮೋಹವು ವ್ಯಾಧಿಯಂತೆಯೇ ಅಂಟಿಕೊಂಡಿತ್ತು. 1717ರಲ್ಲಿ ಅವನು ಪ್ರಷ್ಯದ ಅರಸನಿಗೆ 600 ಮಂದಿ ಸೈನಿಕರನ್ನು ಒಪ್ಪಿಸಿ, ಪ್ರತಿಯಾಗಿ 151 ಪಿಂಗಾಣಿ ಪಾತ್ರೆಗಳನ್ನು ಪಡೆದನು. ಪಾತ್ರೆಯೊಂದಕ್ಕೆ ಸುಮಾರು ನಾಲ್ವರು ಮನುಷ್ಯರು! ಆ ಹೂದಾನಿಗಳಲ್ಲಿ ಕೆಲವು ಇಂದಿಗೂ ಡ್ರೆಸ್ಡೆನ್ ನಗರದಲ್ಲಿವೆ. ಆ ಸೈನಿಕರ ಹೆಸರುಗಳನ್ನು ಬಲ್ಲವರಾರು?

ಬಂಗಾರವನ್ನು ಮಾಡಬಲ್ಲೆನೆಂದು ಹೇಳಿಕೊಂಡ ಬೋಟ್ಗರ್ ಎಂಬ ತರುಣನನ್ನು ಇದೇ ದೊರೆ ಸೆರೆಯಲ್ಲಿಟ್ಟಿದ್ದನು. ಬಂಗಾರವಂತೂ ಹುಟ್ಟಲಿಲ್ಲ. ಆದರೆ ಚಿರ್ನ್‌ಹೌಸ್ ಎಂಬ ವಿದ್ವಾಂಸನೊಡನೆ ದುಡಿದು, ಬಿಳಿ ಜೇಡಿಮಣ್ಣಿಗೆ ಇತರ ಖನಿಜಗಳನ್ನು ಬೆರೆಸಿ ಉಗ್ರವಾದ ಬೆಂಕಿಯಲ್ಲಿ ಸುಟ್ಟು, 1708ರ ಸುಮಾರಿಗೆ ಅವನು ಪಿಂಗಾಣಿಯ ಗುಟ್ಟನ್ನು ಕಂಡುಕೊಂಡನು. 1710ರಲ್ಲಿ ಮೈಸೆನ್ ಪಟ್ಟಣದ ಕೋಟೆಯೊಳಗೆ ಕಾರ್ಖಾನೆ ಆರಂಭವಾಯಿತು. ಗುಟ್ಟು ಹೊರಬೀಳಬಾರದೆಂದೇ ಕೋಟೆಯ ಗೋಡೆಗಳ ಆಸರೆ! 1719ರಲ್ಲಿ, 37ನೆಯ ವಯಸ್ಸಿಗೇ ಬೋಟ್ಗರ್ ತೀರಿಕೊಂಡನು. ಅದೇ ವರ್ಷ ಕುಶಲಕರ್ಮಿಯೊಬ್ಬ ವಿಯೆನ್ನಾಕ್ಕೆ ಓಡಿಹೋಗಿ ಗುಟ್ಟನ್ನು ಅಲ್ಲಿ ಬಿಚ್ಚಿದನು.

ಇತ್ತ ಚೀನಾದ ಜಿಂಗ್ಡೆಜೆನ್ ಪಟ್ಟಣದ ಕೆಲಸವನ್ನು ಯೇಸುಸಭೆಯ ಗುರುಗಳಾದ ದಾಂತ್ರಕೋಲ್‌ರವರು 1712 ಮತ್ತು 1722ರ ತಮ್ಮ ಪತ್ರಗಳಲ್ಲಿ ವಿವರವಾಗಿ ವರ್ಣಿಸಿದರು. ಕಣ್ಣಾರೆ ಕಂಡದ್ದರೊಡನೆ, ಆ ಕಸುಬಿನಲ್ಲಿದ್ದ ಕ್ರೈಸ್ತ ವಿಶ್ವಾಸಿಗಳಿಂದ ಕೇಳಿ ತಿಳಿದುದನ್ನೂ ಅವರು ಬರೆದರು. ಒಂದೇ ಪಾತ್ರೆ ಎಪ್ಪತ್ತು ಮಂದಿ ಕೆಲಸಗಾರರ ಕೈ ದಾಟಿ ಬರುವುದನ್ನು ಗುರುತಿಸಿದವರು ಅವರೇ. ಮೇಜಿನ ಮುಂದೆ ಕುಳಿತ ಪ್ರಭುಗಳಲ್ಲಿ ಆ ಕೈಗಳನ್ನು ನೆನೆದವರು ವಿರಳವೆಂದೇ ನನ್ನ ಎಣಿಕೆ.

ಮೈಸೆನ್ನಿನ ವೈಭವಕ್ಕೆ ಕಳಶವಿಟ್ಟದ್ದು ಹಂಸಪಾತ್ರೆಗಳ ಸಮೂಹ. ಕಾರ್ಖಾನೆಯ ಮೇಲ್ವಿಚಾರಣೆಯನ್ನೂ ಹೊತ್ತಿದ್ದ ಮಂತ್ರಿ ಬ್ರೂಲ್‌ಗಾಗಿ ಶಿಲ್ಪಿ ಕ್ಯಾಂಡ್ಲರ್ 1737ರಿಂದ 1742ರವರೆಗೆ ಇದನ್ನು ರೂಪಿಸಿದನು. ಒಟ್ಟು 2,200ಕ್ಕೂ ಮಿಕ್ಕಿದ ಪಾತ್ರೆಗಳು! ತಟ್ಟೆಗಳ ಮೇಲೆ ಚಿಪ್ಪಿನ ಗೆರೆಗಳು, ನೀರಿನಲ್ಲಿ ತೇಲುವ ಜೋಡಿ ಹಂಸಗಳು, ಎಲ್ಲವೂ ಉಬ್ಬುಕೆತ್ತನೆಯಲ್ಲಿ. ಚಿಪ್ಪುಗಳ ನೈಜರೂಪವನ್ನು ಅರಿಯಲು ಕ್ಯಾಂಡ್ಲರ್ ಡ್ರೆಸ್ಡೆನ್ನಿನ ರಾಜಸಂಗ್ರಹದಲ್ಲಿದ್ದ ಚಿಪ್ಪುಗಳನ್ನು ನೋಡಿ ಅಭ್ಯಾಸ ಮಾಡಿದ್ದನು. ತಟ್ಟೆಯ ಅಂಚಿನಲ್ಲಿ ಮಂತ್ರಿಯ ವಂಶಲಾಂಛನ. ಉಣ್ಣುವ ಅತಿಥಿಗೆ ತಾನು ಯಾರ ಮನೆಯಲ್ಲಿರುವೆನೆಂಬುದು ಮರೆಯುವಂತಿರಲಿಲ್ಲ.

ಬ್ರೂಲ್‌ನ ವಂಶಸ್ಥರು ತಮ್ಮ ಹಳ್ಳಿಯರಮನೆಯಲ್ಲಿ ಈ ಪಾತ್ರೆಗಳನ್ನು ಎರಡು ಶತಮಾನ ಕಾಪಾಡಿಕೊಂಡು ಬಂದರು. 1945ರಲ್ಲಿ ಯುದ್ಧ ಮುಗಿಯುವ ವೇಳೆಗೆ ಅಲ್ಲಿದ್ದವುಗಳಲ್ಲಿ ಅನೇಕವು ಒಡೆದು, ಲೂಟಿಯಾಗಿ, ಚದುರಿಹೋದವು. ಉಳಿದ ಕೆಲವು ತಟ್ಟೆಗಳು ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟುಗಳಲ್ಲಿ, ಯಾರ ಊಟಕ್ಕೂ ಒದಗದೆ ನಿಂತಿವೆ.